ಅಜ್ಜಿಯ ಮಾತ್ರೆ 186: ಅರಸೀಕೆರೆ ಸೀಮೆಯ ಒಂದು ಮನೆಗೆ ತಿಂಗಳ ದುಡ್ಡು ಬಂದಾಗ, ನಿಂತಾಗ

ಇದು ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನ ಒಂದು ಮನೆಯ ವಿಷಯ. ಊರಿನ ಹೆಸರು ಹೇಳುವುದಿಲ್ಲ. ಮನೆಯವರ ಹೆಸರು ಬದಲಿಸಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಇದನ್ನು ಬರೆಯುವುದಕ್ಕೆ ಆ ಮನೆಯವರು ಒಪ್ಪಿದ್ದಾರೆ.

ನಾನು ಹಳ್ಳಿಗಳ ಮಹಿಳಾ ಸಂಘಗಳ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಬಡವರ ಖಾತೆಗೆ ನೇರವಾಗಿ ದುಡ್ಡು ಹಾಕಿದರೆ ಏನಾಗುತ್ತದೆ ಅನ್ನುವುದರ ಬಗ್ಗೆ ಎರಡು ಥರದ ಮಾತು ದಿನಾ ಕಿವಿಗೆ ಬೀಳುತ್ತದೆ. ಒಂದು, ಜನ ಸೋಮಾರಿಗಳಾದರು ಅನ್ನುವುದು. ಇನ್ನೊಂದು, ಹೆಣ್ಣುಮಕ್ಕಳ ಬಾಳೇ ಬೆಳಗಿತು ಅನ್ನುವುದು. ಈ ಮನೆಯಲ್ಲಿ ನಾನು ಕಂಡದ್ದು ಈ ಎರಡಕ್ಕೂ ಹೊಂದುವುದಿಲ್ಲ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ. ನನ್ನಂಥ ಕೆಲಸದಲ್ಲಿರುವವರು ನಾನು ಮಾಡಿದ ತಪ್ಪನ್ನೇ ಮತ್ತೆ ಮಾಡಬಾರದು ಅನ್ನುವುದೂ ಒಂದು ಕಾರಣ.

ಮನೆ

ಮನೆಯಲ್ಲಿ ಐದು ಜನ. ಅತ್ತೆ ರಂಗಮ್ಮ, ಅರವತ್ತು ದಾಟಿದವರು, ಗಂಡ ಇಲ್ಲ. ಮಗ ಮಂಜಣ್ಣ, ಸೊಸೆ ಸರೋಜ. ಮಗಳು ಚೈತ್ರ ಆಗ ಒಂಬತ್ತನೇ ಕ್ಲಾಸು, ಮಗ ಆರನೇ ಕ್ಲಾಸು. ಒಂದು ಎಕರೆ ಖುಷ್ಕಿ ಜಮೀನು, ಬದುವಿನ ಮೇಲೆ ಹನ್ನೆರಡು ತೆಂಗಿನ ಮರ. ಮಳೆ ಬಂದರೆ ರಾಗಿ, ಇಲ್ಲದಿದ್ದರೆ ಅದೂ ಇಲ್ಲ. ಮಂಜಣ್ಣ ತೆಂಗಿನಕಾಯಿ ಕೀಳಲು, ಸುಲಿಯಲು ಹೋಗುತ್ತಾನೆ. ಸರೋಜ ಕೊಬ್ಬರಿ ಒಡೆಯುವ ಕೂಲಿಗೆ, ಸುಗ್ಗಿಯಲ್ಲಿ ರಾಗಿ ಕೊಯ್ಲಿಗೆ ಹೋಗುತ್ತಾಳೆ.

2023 ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ಈ ಮನೆಯವರ ರಾಗಿ ಮೊಣಕಾಲುದ್ದಕ್ಕೆ ಬಂದು ನಿಂತುಬಿಟ್ಟಿತು. ಅದನ್ನು ದನದ ಮೇವಿಗೆ ಅಂತ ಪಕ್ಕದ ಹೊಲದವರಿಗೆ ಕೊಟ್ಟರು.

ಆದರೆ ಇವರ ಕಷ್ಟ ಬರೀ ಆದಾಯ ಕಡಿಮೆ ಅನ್ನುವುದಲ್ಲ. ಯಾವಾಗ ದುಡ್ಡು ಬರುತ್ತದೆ ಅಂತ ಗೊತ್ತಿಲ್ಲದಿರುವುದು ಅದಕ್ಕಿಂತ ದೊಡ್ಡ ಕಷ್ಟ. ಕೊಬ್ಬರಿ ಕೆಲಸ ಇದ್ದಾಗ ವಾರಕ್ಕೆ ಆರು ದಿನ ಇರುತ್ತದೆ, ಇಲ್ಲದಾಗ ಹದಿನೈದು ದಿನ ಸುಮ್ನೆ ಕೂರಬೇಕು. ಹೊಟ್ಟೆ ಮಾತ್ರ ದಿನಾ ಕೇಳುತ್ತದೆ, ಅಲ್ವಾ? ಅದಕ್ಕೇ ಅಂಗಡಿಯಲ್ಲಿ ಬರೆಸಿ ತರುವುದು. 2023ರ ಆಗಸ್ಟ್‌ನಲ್ಲಿ ಅಂಗಡಿ ಪುಸ್ತಕದಲ್ಲಿ ಇವರ ಬಾಕಿ 7,400 ರೂಪಾಯಿ. ಅದರ ಜೊತೆಗೆ ಹಿಂದಿನ ವರ್ಷ ಆಸ್ಪತ್ರೆಗೆ ಅಂತ ತಂದ ಕೈಸಾಲ 10,000. ಬಡ್ಡಿ ನೂರಕ್ಕೆ ಐದು, ಅಂದರೆ ತಿಂಗಳಿಗೆ 500. ಒಂದು ವರ್ಷ ಬರೀ ಬಡ್ಡಿ ಕಟ್ಟಿದ್ದರು. ಅಸಲಿನಲ್ಲಿ ಒಂದು ರೂಪಾಯಿ ಇಳಿದಿರಲಿಲ್ಲ.

ಇನ್ನೂ ಒಂದು ಸಾಲ ಇತ್ತು, ಯಾರೂ ಅದನ್ನು ಸಾಲ ಅಂತ ಕರೆಯುತ್ತಿರಲಿಲ್ಲ. ಸರೋಜ ಕೊಬ್ಬರಿ ಸಾಹುಕಾರರ ಹತ್ತಿರ ಮುಂಗಡ ಇಸ್ಕೊಂಡಿದ್ದಳು. ಮುಂಗಡ ತಗೊಂಡ ಮೇಲೆ ಅವರು ಕರೆದ ದಿನ ಹೋಗಲೇಬೇಕು. ಕೂಲಿಯೂ ಬೇರೆಯವರಿಗಿಂತ ಕಡಿಮೆ.

ದುಡ್ಡು ಬಂದ ದಾರಿ

ಗೃಹಲಕ್ಷ್ಮಿ ಯೋಜನೆಗೆ 2023ರ ಜುಲೈನಲ್ಲಿ ಅರ್ಜಿ ಶುರುವಾಯಿತು. ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಚಾಲನೆ ಸಿಕ್ಕಿತು. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಯಾರೋ ಅವರ ಖಾತೆಗೆ ತಿಂಗಳಿಗೆ 2,000. ಈ ಮನೆಯ ಕಾರ್ಡಿನಲ್ಲಿ ಯಜಮಾನಿ ರಂಗಮ್ಮ. ಅನ್ನಭಾಗ್ಯದಲ್ಲಿ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಕೊಡುತ್ತಿದ್ದ ಕಾಲ ಅದು. ಐದು ಜನಕ್ಕೆ 850, ಅದೂ ರಂಗಮ್ಮನವರ ಖಾತೆಗೇ. ಅವರ ವಿಧವಾ ವೇತನ 800. ಎಲ್ಲಾ ಸೇರಿ ತಿಂಗಳಿಗೆ 3,650.

ಬರಬೇಕಾದದ್ದು ಬರಲಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಕಳೆದರೂ 2,000 ಕಾಣಲಿಲ್ಲ. ರಂಗಮ್ಮ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಮೂರು ಸಲ ಹೋಗಿ ಬಂದರು. ‘ಆಧಾರ್ ಲಿಂಕ್ ಆಗಿದೆಯಲ್ಲಮ್ಮ’ ಅಂತಲೇ ಉತ್ತರ. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಎಷ್ಟೋ ಮನೆ ಇಲ್ಲೇ ಸಿಕ್ಕಿಕೊಂಡಿವೆ. ಖಾತೆಗೆ ಆಧಾರ್ ಕಾಪಿ ಕೊಟ್ಟಿರುವುದು ಬೇರೆ, ಸರ್ಕಾರದ ದುಡ್ಡು ಬರಲು ಆಧಾರ್ ನಂಬರನ್ನು ಒಂದು ಖಾತೆಗೆ ಜೋಡಿಸುವುದು ಬೇರೆ. ಇದಕ್ಕೆ ಎನ್‌ಪಿಸಿಐ ಮ್ಯಾಪಿಂಗ್ ಅನ್ನುತ್ತಾರೆ. ಆಧಾರ್ ಮೇಲೆ ಬರುವ ದುಡ್ಡು ಹೀಗೆ ಜೋಡಿಸಿದ ಖಾತೆಗೇ ಹೋಗುತ್ತದೆ. ರಂಗಮ್ಮನವರ ಆಧಾರ್ ಯಾವ ಖಾತೆಗೂ ಜೋಡಣೆ ಆಗಿರಲಿಲ್ಲ. ಕೊನೆಗೆ ಊರಿನ ಪೋಸ್ಟ್‌ಮ್ಯಾನ್ ಜಗಲಿ ಮೇಲೆ ಕೂತು, ಹೆಬ್ಬೆಟ್ಟು ಒತ್ತಿಸಿಕೊಂಡು, ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಖಾತೆ ತೆಗೆದು ಅದಕ್ಕೆ ಜೋಡಿಸಿಕೊಟ್ಟರು. ಅರ್ಧ ಗಂಟೆಯ ಕೆಲಸ.

ಡಿಸೆಂಬರ್‌ನಲ್ಲಿ ಮೊದಲ ಸಲ ದುಡ್ಡು ಬಂತು. ಜನವರಿಯೊಳಗೆ ಹಿಂದಿನ ನಾಲ್ಕು ಕಂತಿನ ಬಾಕಿ 8,000ವೂ ಸೇರಿತು.

ಮೊದಲ ತೀರ್ಮಾನ

ಒಟ್ಟಿಗೆ 8,000 ಬಂದಾಗ ಮನೆಯಲ್ಲಿ ಜಗಳವೇ ಆಯಿತು. ಮಂಜಣ್ಣನಿಗೆ ಹಳೇ ಬೈಕ್ ಬೇಕಿತ್ತು. ಸರೋಜಳಿಗೆ ಸೋರುವ ಕಡೆ ಶೀಟು ಹಾಕಿಸಬೇಕಿತ್ತು. ದುಡ್ಡು ರಂಗಮ್ಮನವರ ಹೆಬ್ಬೆಟ್ಟಿನಲ್ಲಿತ್ತು. ಅವರು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮೂರನೇ ದಿನ 5,000 ಕೈಸಾಲಕ್ಕೆ, 3,000 ಅಂಗಡಿಗೆ ಕಟ್ಟಿ ಬಂದರು. ‘ಸಾಲ ತೀರಿಸ್ದೆ ಬೈಕ್ ಮೇಲೆ ಕೂತ್ರೆ ಸಾಹುಕಾರನ ಮನೆ ಮುಂದೇನೇ ಹೋಗ್ಬೇಕಲ್ಲಪ್ಪ’ ಅಂತ ಮಗನಿಗೆ ಅಂದರಂತೆ.

ಕೀನ್ಯಾ ದೇಶದ ಹಳ್ಳಿಗಳಲ್ಲಿ ಗಿವ್‌ಡೈರೆಕ್ಟ್‌ಲಿ ಅನ್ನುವ ಸಂಸ್ಥೆ ಬಡ ಮನೆಗಳಿಗೆ ಷರತ್ತಿಲ್ಲದೆ ದುಡ್ಡು ಕೊಟ್ಟಿತ್ತು. ಕೆಲವರಿಗೆ ಒಟ್ಟಿಗೆ, ಕೆಲವರಿಗೆ ತಿಂಗಳು ತಿಂಗಳು. ತಿಂಗಳು ತಿಂಗಳು ಪಡೆದ ಮನೆಗಳಲ್ಲಿ ಊಟದ ಕಷ್ಟ ಒಟ್ಟಿಗೆ ಪಡೆದವರಿಗಿಂತ ಜಾಸ್ತಿ ತಗ್ಗಿತು. ಒಟ್ಟಿಗೆ ಪಡೆದವರು ಮನೆಗೆ ಬಾಳಿಕೆ ಬರುವ ಸಾಮಾನು ಹೆಚ್ಚಾಗಿ ಮಾಡಿಕೊಂಡರು. ಈ ಮನೆಯಲ್ಲೂ ಒಂದೇ ಯೋಜನೆಯ ದುಡ್ಡು ಎರಡು ಥರ ಕೆಲಸ ಮಾಡಿತು. ಒಟ್ಟಿಗೆ ಬಂದದ್ದು ಹಳೇ ಸಾಲದ ಬುಡಕ್ಕೆ ಹೋಯಿತು. ತಿಂಗಳಿಗೆ ಬಂದದ್ದು ಹೊಟ್ಟೆಗೆ, ಔಷಧಿಗೆ, ಮಕ್ಕಳಿಗೆ ಹೋಯಿತು.

ಚೈತ್ರಳ ಪುಸ್ತಕ

ಜನವರಿಯಲ್ಲಿ ನಾನು ಚೈತ್ರಳಿಗೆ ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟು, ಮನೆಗೆ ಬಂದದ್ದು ಹೋದದ್ದು ಬರೆಯಲು ಹೇಳಿದೆ. ಸ್ಕೂಲಿನ ಪುಸ್ತಕದ ಥರವೇ ಕೆಂಪು ಪೆನ್ನಿನಲ್ಲಿ ಅಂಚು ಎಳೆದು ಬರೆದಳು. ಫೆಬ್ರುವರಿ ಪುಟ ನನ್ನ ಮುಂದಿದೆ. ಅಂಗಡಿ 1,500. ಕೈಸಾಲ 1,000. ಅಜ್ಜಿಯ ಮಾತ್ರೆ 186. ನನಗೆ ಮತ್ತು ತಮ್ಮನಿಗೆ ಸ್ಕೂಲಿಗೆ 300. ಅಜ್ಜಿಯ ಸಂಚಿಗೆ 300. ಇತರೆ 200.

ಈ ‘ಇತರೆ’ ಏನು ಅಂತ ಕೇಳಿದೆ. ಹುಡುಗಿ ತಲೆ ತಗ್ಗಿಸಿದಳು. ಮಂಜಣ್ಣ ಬಟವಾಡೆ ದಿನ ಕುಡಿಯುತ್ತಾನೆ. ಖಾತೆಗೆ ಕೊಟ್ಟಿದ್ದ ಫೋನ್ ನಂಬರ್ ಅವನದೇ. ಹಾಗಾಗಿ ದುಡ್ಡು ಬಿದ್ದ ಮೆಸೇಜು ಯಜಮಾನಿಗಿಂತ ಮೊದಲು ಅವನಿಗೆ ಬರುತ್ತಿತ್ತು. ಅವನು 500 ಕೇಳುತ್ತಿದ್ದ, ತಾಯಿ 200 ಕೊಡುತ್ತಿದ್ದರು. ಮಾರ್ಚ್ ಪುಟದಲ್ಲಿ ಚೈತ್ರ ‘ಇತರೆ’ ಹೊಡೆದು ಹಾಕಿ ‘ಅಪ್ಪ 200’ ಅಂತ ಬರೆದಳು. ಅವನು ನೋಡಿದ, ಏನೂ ಅನ್ನಲಿಲ್ಲ. ಏಪ್ರಿಲ್‌ನಲ್ಲಿ ಆ ಸಾಲು 100ಕ್ಕೆ ಇಳಿಯಿತು. ಕಷ್ಟದ ತಿಂಗಳುಗಳಲ್ಲಿ ಮತ್ತೆ ಏರಿದ್ದೂ ಉಂಟು.

ದುಡ್ಡು ಕೊಟ್ಟರೆ ಕುಡಿತಕ್ಕೆ ಹೋಗುತ್ತದೆ ಅನ್ನುವ ಮಾತಿಗೆ ಈ ಪುಸ್ತಕ ಕೊಡುವ ಉತ್ತರ ಇಷ್ಟೇ. 3,650ರಲ್ಲಿ ಹೆಚ್ಚೆಂದರೆ 200. ಬೇರೆ ಕಡೆಯ ಅನುಭವವೂ ಇದಕ್ಕೆ ಹತ್ತಿರ ಇದೆ. ಮಧ್ಯಪ್ರದೇಶದ ಹಳ್ಳಿಗಳಲ್ಲಿ 2011-12ರ ಹೊತ್ತಿಗೆ ಸೇವಾ (SEWA) ಅನ್ನುವ ದುಡಿಯುವ ಹೆಂಗಸರ ಸಂಘಟನೆಯವರು ಯುನಿಸೆಫ್ ನೆರವಿನಿಂದ ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100 ರೂಪಾಯಿ ಕೊಟ್ಟು ನೋಡಿದ್ದರು. ಆಮೇಲೆ ಅದನ್ನು 300 ಮತ್ತು 150ಕ್ಕೆ ಏರಿಸಿದರು. ಅಲ್ಲೂ ಕುಡಿತ ಜಾಸ್ತಿ ಆದದ್ದು ಕಾಣಲಿಲ್ಲ. ಊಟ, ದನಕರು, ಮಕ್ಕಳ ಓದು, ಇವುಗಳಿಗೆ ಹೋದದ್ದು ಕಂಡಿತು.

ಸೋಮಾರಿತನದ ಮಾತೂ ಇದೆಯಲ್ಲ. ಊರಿನಲ್ಲಿ ತೋಟದವರು ‘ಗೃಹಲಕ್ಷ್ಮಿ ಬಂದ ಮೇಲೆ ಹೆಣ್ಣಾಳು ಸಿಗ್ತಿಲ್ಲ’ ಅಂತ ನನ್ನೆದುರೇ ಹೇಳಿದ್ದಾರೆ. ಪುಸ್ತಕದಲ್ಲಿ ಸರೋಜಳ ಕೂಲಿ ದಿನಗಳನ್ನು ಎಣಿಸಿದೆ. ಕಡಿಮೆ ಆಗಿರಲಿಲ್ಲ. ಕಡಿಮೆ ಆದದ್ದು ಮುಂಗಡ. ಏಪ್ರಿಲ್‌ನಲ್ಲಿ ಅವಳು ಸಾಹುಕಾರರ ಹತ್ತಿರ ಮುಂಗಡ ಬೇಡ ಅಂದಳು. ಅಲ್ಲಿಂದ ಮುಂದೆ ಎಲ್ಲಿ ಕೂಲಿ ಜಾಸ್ತಿ ಸಿಗುತ್ತದೋ ಅಲ್ಲಿಗೆ ಹೋದಳು. ಆ ಸಾಹುಕಾರರಿಗೆ ಆಳು ಸಿಗಲಿಲ್ಲ ಅನ್ನುವುದು ನಿಜವೇ. ಅವಳು ಮನೆಯಲ್ಲಿ ಕೂತಳು ಅನ್ನುವುದು ಮಾತ್ರ ನಿಜ ಅಲ್ಲ.

ಅಂಗಡಿಯಲ್ಲಿ ಆದ ಬದಲಾವಣೆ ನನಗೆ ಎಲ್ಲಕ್ಕಿಂತ ಹಿಡಿಸಿತು. ಬಾಕಿ ಇದ್ದವರು ಅಂಗಡಿಯಲ್ಲಿ ಬೆಲೆ ಕೇಳುವುದಿಲ್ಲ. ಕೊಟ್ಟದ್ದು ತಗೊಂಡು ಬರುತ್ತಾರೆ. ಎಲ್ಲರದೂ ಮುಗಿಯುವ ತನಕ ಪಕ್ಕದಲ್ಲಿ ನಿಂತಿರುತ್ತಾರೆ. ಏಪ್ರಿಲ್ ಹೊತ್ತಿಗೆ ಬಾಕಿ 900ಕ್ಕೆ ಬಂತು. ರಂಗಮ್ಮ ನೋಟು ಕೈಯಲ್ಲಿ ಹಿಡಿದು ‘ಬೇಳೆ ಹೆಂಗಪ್ಪ? ಹುಳ ಬಿದ್ದದ್ದು ಕೊಡ್ಬೇಡ’ ಅಂದದ್ದನ್ನು ನಾನೇ ಕೇಳಿದೆ. ತಿಂಗಳಿಗೊಮ್ಮೆ ಸೊಸೆಯನ್ನು ಕರೆದುಕೊಂಡು ಅರಸೀಕೆರೆಗೆ ಹೋಗಿ ಬೇಳೆ, ಎಣ್ಣೆ ಅಲ್ಲೇ ತರುತ್ತಿದ್ದರು. ಶಕ್ತಿ ಯೋಜನೆ ಬಂದ ಮೇಲೆ ಇಬ್ಬರಿಗೂ ಬಸ್ ಚಾರ್ಜು ಇಲ್ಲ. ದುಡ್ಡು ಇದ್ದು ಬಸ್ ಇಲ್ಲದಿದ್ದರೆ ಊರಿನ ಅಂಗಡಿಯೇ ಗತಿ ಆಗುತ್ತಿತ್ತು. ಬಸ್ ಇದ್ದು ದುಡ್ಡು ಇಲ್ಲದಿದ್ದರೂ ಅಷ್ಟೇ.

ಹಸು, ಮತ್ತು ನಾನು ಹೂಂ ಅಂದದ್ದು

ಮೇ ಹೊತ್ತಿಗೆ ಕೈಸಾಲ 2,000ದ ಒಳಗೆ ಬಂದಿತ್ತು. ಮನೆಯಲ್ಲಿ ಧೈರ್ಯ ಬಂತು. ಹಸು ಕಟ್ಟೋಣ ಅಂತ ಸರೋಜ ಅಂದಳು. ಡೇರಿ ಊರಿನಲ್ಲೇ ಇದೆ. ಕರು ಹಾಕಿದ ಹಸು 48,000. ಕೈಯಲ್ಲಿ ಮೂರು ಸಾವಿರ ಇತ್ತು. ಮಿಕ್ಕ 45,000ಕ್ಕೆ ಕಿರುಸಾಲದ ಕಂಪನಿ. 24 ತಿಂಗಳು, ತಿಂಗಳಿಗೆ 2,430.

ಸಾಲದ ಹುಡುಗ ಲೆಕ್ಕ ಹೇಳಿದ ರೀತಿ ಹೀಗಿತ್ತು: ‘ಗೃಹಲಕ್ಷ್ಮಿ ಎರಡು ಸಾವಿರ ಹೆಂಗೂ ಬತ್ತದಲ್ಲಮ್ಮ. ಮೇಲಿನ ನಾನೂರ ಮೂವತ್ತು ಹಾಲಿನ ದುಡ್ಡಲ್ಲಿ ಕಟ್ಟಿ.’ ಸರೋಜ ನನ್ನನ್ನು ಕೇಳಿದಳು. ‘ಅಕ್ಕಾ, ಮಾಡಬಹುದಾ?’ ನಾನು ಪುಸ್ತಕ ತಿರುವಿ ಹಾಕಿದೆ. ಐದು ತಿಂಗಳಿಂದ ದುಡ್ಡು ತಪ್ಪದೆ ಬಂದಿತ್ತು. ‘ಹೂಂ, ಮಾಡಬಹುದು’ ಅಂದೆ.

ಇಲ್ಲಿ ನಾನು ಎಡವಿದೆ. ಐದು ತಿಂಗಳು ಬಂದದ್ದನ್ನು ನೋಡಿ ಮುಂದಿನ ಇಪ್ಪತ್ನಾಲ್ಕು ತಿಂಗಳೂ ಬರುತ್ತದೆ ಅಂತ ಲೆಕ್ಕ ಹಾಕಿದೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಆ 2,000 ಆಗಲೇ ಅಂಗಡಿಗೆ, ಮಾತ್ರೆಗೆ, ಸ್ಕೂಲಿಗೆ ಹಂಚಿಹೋಗಿತ್ತು. ಅದನ್ನೇ ಕಂತಿಗೆ ಇಟ್ಟರೆ ಅವುಗಳ ಜಾಗಕ್ಕೆ ಏನು ಬರಬೇಕು ಅಂತ ನಾನು ಕೇಳಲೇ ಇಲ್ಲ. ಹಾಲಿನಿಂದ ಬರುತ್ತದೆ ಅಂದುಕೊಂಡೆವು.

ಜೂನ್, ಜುಲೈ ಎರಡೂ ಗೃಹಲಕ್ಷ್ಮಿ ಇಲ್ಲದೆ ಹೋದವು. ಅದೇ ಜುಲೈನಲ್ಲಿ ಹಸುವಿಗೆ ಕೆಚ್ಚಲ ಬಾವು ಬಂತು. ಹಾಲು ಒಡೆದು ಬರತೊಡಗಿತು, ಡೇರಿಗೆ ಹಾಕುವ ಹಾಗಿಲ್ಲ. ಡಾಕ್ಟರ್ ಖರ್ಚು ಬೇರೆ. ಜೂನ್ ಕಂತನ್ನು ಹೇಗೋ ಹಾಲಿನ ದುಡ್ಡಿನಲ್ಲಿ ಕಟ್ಟಿದ್ದರು. ಜುಲೈ ಕಂತಿಗೆ 3,000 ಕೈಸಾಲ, ಮತ್ತೆ ಅದೇ ನೂರಕ್ಕೆ ಐದು. ಅಂಗಡಿ ಪುಸ್ತಕ ಮತ್ತೆ ತೆರೆಯಿತು.

ಆಗಸ್ಟ್‌ನಲ್ಲಿ ಸಾಲದ ಹುಡುಗ ಬೆಳಿಗ್ಗೆ ಏಳಕ್ಕೇ ಬಂದ. ಬೈಯಲಿಲ್ಲ, ಕೂಗಾಡಲಿಲ್ಲ. ಜಗಲಿ ಮೇಲೆ ಕೂತ, ಅಷ್ಟೇ. ಬೀದಿಯಲ್ಲಿ ಹೋಗುವವರೆಲ್ಲ ನೋಡಿಕೊಂಡು ಹೋದರು. ಹತ್ತು ಗಂಟೆಗೆ ರಂಗಮ್ಮ ಒಳಗಿನಿಂದ ಎಲೆ ಅಡಿಕೆಯ ಸಂಚಿ ತಂದು ಬಿಚ್ಚಿದರು. ತಿಂಗಳಿಗೆ 300ರ ಹಾಗೆ ಕೂಡಿಟ್ಟದ್ದು. ಮಾಲೇಕಲ್ಲು ತಿರುಪತಿ ಜಾತ್ರೆಗೆ ಮೊಮ್ಮಗನಿಗೆ ಕೊಟ್ಟದ್ದು, ಅದೂ ಇದೂ ಹೋಗಿ 1,500 ಉಳಿದಿತ್ತು. ಅದರ ಮೇಲೆ ಆ ತಿಂಗಳ ವಿಧವಾ ವೇತನ 800. ಮಿಕ್ಕ 130 ಪಕ್ಕದ ಮನೆಯಿಂದ. ಹುಡುಗ ಎಣಿಸಿಕೊಂಡು ಹೋದ.

ಆಗಸ್ಟ್ ಕೊನೆಗೆ ಗೃಹಲಕ್ಷ್ಮಿಯ ಬಾಕಿ ಕಂತು ಬರತೊಡಗಿತು. ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ 4,000 ಸೇರಿತ್ತು. ಕೈಸಾಲದ ಅಸಲು ಬಡ್ಡಿ 3,300 ಅದರಲ್ಲೇ ತೀರಿತು. ಹಸುವೂ ಚೇತರಿಸಿಕೊಂಡಿತು. ನಾನು ಪುಸ್ತಕ ನೋಡಿ, ಮೊತ್ತ ಕೂಡಿಸಿ, ‘ಪರವಾಗಿಲ್ಲ, ದಾಟಿದಿರಿ’ ಅಂದೆ.

ಕಾಣದೆ ಹೋದ ಸಾಲು

ಅಕ್ಟೋಬರ್‌ನಲ್ಲಿ ರಂಗಮ್ಮನವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋಯಿತು. ಹಾಸನಕ್ಕೆ ಕರೆದುಕೊಂಡು ಹೋದರು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ‘ಬಿಪಿ ಮಾತ್ರೆ ಸರಿಯಾಗಿ ತಗೋತಿದ್ರಾ?’ ಸರೋಜ ಹೂಂ ಅಂದಳು. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ಮನೆಗೆ ಬಂದ ಮೇಲೆ ಚೈತ್ರ ಪುಸ್ತಕ ತಂದು ನನ್ನ ಮುಂದೆ ಇಟ್ಟಳು. ಏನೂ ಹೇಳಲಿಲ್ಲ. ಫೆಬ್ರುವರಿ, ಅಜ್ಜಿಯ ಮಾತ್ರೆ 186. ಮಾರ್ಚ್ 186. ಏಪ್ರಿಲ್ 186. ಮೇ, ಜೂನ್ ಹಾಗೆಯೇ. ಜುಲೈ ಪುಟದಲ್ಲಿ ಆ ಸಾಲು ಇಲ್ಲ. ಆಗಸ್ಟ್‌ನಲ್ಲಿ ಇಲ್ಲ. ಸೆಪ್ಟೆಂಬರ್‌ನಲ್ಲಿ ದುಡ್ಡು ಬಂದ ಮೇಲೂ ಇಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ ಮಾತ್ರೆ ಪುಕ್ಕಟೆ ಕೊಡುತ್ತಾರೆ. ಆದರೆ ಆ ಮಾತ್ರೆ ತನಗೆ ಒಗ್ಗುವುದಿಲ್ಲ ಅಂತ ರಂಗಮ್ಮ ಮೊದಲಿನಿಂದಲೂ ಮೆಡಿಕಲ್ ಅಂಗಡಿಯಲ್ಲೇ ತರಿಸುತ್ತಿದ್ದರು. ಜುಲೈನಲ್ಲಿ ಕೈ ಕಟ್ಟಿದಾಗ ಯಾರಿಗೂ ಹೇಳದೆ ನಿಲ್ಲಿಸಿದ್ದಾರೆ. ಬಿಪಿ ಇದೆ ಅಂತ ಮೈಗೆ ಗೊತ್ತಾಗುವುದಿಲ್ಲ, ನೋವಿಲ್ಲ, ಜ್ವರ ಇಲ್ಲ. ಎರಡು ತಿಂಗಳು ಇಲ್ಲದೆ ಕಳೆದ ಮೇಲೆ ‘ಚೆನ್ನಾಗೇ ಇದೀನಲ್ಲ’ ಅನ್ನಿಸಿರಬೇಕು.

ಮಾತ್ರೆ ಬಿಟ್ಟದ್ದರಿಂದಲೇ ಹೀಗಾಯಿತು ಅಂತ ನಾನು ಹೇಳಲಾರೆ, ಅದು ಡಾಕ್ಟರ್ ಹೇಳಬೇಕಾದ ಮಾತು. ಆದರೆ ಸೆಪ್ಟೆಂಬರ್‌ನಲ್ಲಿ ಅದೇ ಪುಸ್ತಕ ನನ್ನ ಕೈಯಲ್ಲಿತ್ತು. ನಾನು ಕೆಳಗಿನ ಮೊತ್ತ ನೋಡಿದೆ. ಯಾವ ಸಾಲು ಇಲ್ಲ ಅಂತ ನೋಡಲಿಲ್ಲ. ಕಂತು ಬಂತಾ, ಸಾಲ ತೀರಿತಾ, ಇವೇ ನನ್ನ ಪ್ರಶ್ನೆಗಳಾಗಿದ್ದವು. ದುಡ್ಡು ನಿಂತಾಗ ಆ ಮನೆಯಲ್ಲಿ ಮೊದಲು ಯಾರು ತಮ್ಮದನ್ನು ಬಿಟ್ಟುಕೊಟ್ಟರು ಅನ್ನುವುದು ನನ್ನ ಪ್ರಶ್ನೆ ಆಗಬೇಕಿತ್ತು. ಖಾತೆ ರಂಗಮ್ಮನವರದು, ಹೆಬ್ಬೆಟ್ಟು ಅವರದು, ಆದರೂ ಬಿಟ್ಟುಕೊಟ್ಟವರು ಅವರೇ. ಯಜಮಾನಿ ಅಂತ ಕಾರ್ಡಿನಲ್ಲಿ ಬರೆದ ಮಾತ್ರಕ್ಕೆ ಹೆಂಗಸು ತನ್ನ ತಟ್ಟೆಗೆ ಮೊದಲು ಬಡಿಸಿಕೊಳ್ಳುವುದಿಲ್ಲ.

ನವೆಂಬರ್ ಎರಡನೇ ವಾರ ರಂಗಮ್ಮ ತೀರಿಕೊಂಡರು.

ಮೂರೂ ಒಟ್ಟಿಗೆ ನಿಂತದ್ದು

ಯಜಮಾನಿ ಹೋದರೆ ಏನಾಗುತ್ತದೆ ಅಂತ ನಾವ್ಯಾರೂ ಮೊದಲೇ ಯೋಚಿಸಿರಲಿಲ್ಲ. ಗೃಹಲಕ್ಷ್ಮಿ 2,000, ಅನ್ನಭಾಗ್ಯದ 850, ವಿಧವಾ ವೇತನ 800, ಮೂರೂ ಒಂದೇ ಹೆಬ್ಬೆಟ್ಟಿನಲ್ಲಿದ್ದವು. ಮೂರೂ ಒಟ್ಟಿಗೆ ನಿಂತವು. ತಿಥಿ ಖರ್ಚು ಇನ್ನೂ ತೀರಿರಲಿಲ್ಲ.

ಮರಣ ನೋಂದಣಿ 21 ದಿನದೊಳಗೆ ಮಾಡಿಸಿದರೆ ಶುಲ್ಕ ಇಲ್ಲ. ಅದೊಂದನ್ನು ಮಂಜಣ್ಣ ಬೇಗ ಮಾಡಿಸಿದ. ಮುಂದಿನದು ಕಷ್ಟ. ರೇಷನ್ ಕಾರ್ಡಿನಲ್ಲಿ ರಂಗಮ್ಮನ ಹೆಸರು ತೆಗೆಸಿ ಸರೋಜಳನ್ನು ಯಜಮಾನಿ ಮಾಡಬೇಕು. ತಿದ್ದುಪಡಿಗೆ ಸರ್ವರ್ ಬಿಟ್ಟಾಗ ಮಾತ್ರ ಅದು ಆಗುತ್ತದೆ. ಬಿಟ್ಟ ದಿನ ಹೋದರೆ, ಕಾರ್ಡಿನಲ್ಲಿ ‘ಸರೋಜಮ್ಮ’, ಆಧಾರ್‌ನಲ್ಲಿ ‘ಸರೋಜ’. ಅದನ್ನು ಸರಿಮಾಡಿಸಿ, ಮತ್ತೆ ಕಾದು, ಕಾರ್ಡ್ ಬದಲಾಗಿ, ಅವಳ ಹೆಸರಿಗೆ ಗೃಹಲಕ್ಷ್ಮಿಗೆ ಹೊಸದಾಗಿ ಅರ್ಜಿ ಹಾಕುವಷ್ಟರಲ್ಲಿ 2025ರ ಮೇ ಬಂದಿತ್ತು. ಈ ನಡುವೆ ಫೆಬ್ರುವರಿಯಿಂದ ಅನ್ನಭಾಗ್ಯದ ದುಡ್ಡಿನ ಬದಲು ಅಕ್ಕಿಯೇ ಕೊಡತೊಡಗಿದರು. ತಲೆಗೆ 5 ಕೆಜಿ ಇದ್ದದ್ದು 10 ಕೆಜಿ. ಒಳ್ಳೆಯದಾಯಿತಾ ಅಂತ ಸರೋಜಳನ್ನು ಕೇಳಿದೆ. ‘ಅಕ್ಕಿ ಬಂದ್ರೆ ಹೊಟ್ಟೆಗಾಯ್ತದೆ ಅಕ್ಕಾ. ಮಾತ್ರೆಗಾಗಲ್ಲ’ ಅಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಡಿಸೆಂಬರ್‌ನಲ್ಲಿ ಒಂದು ಗಟ್ಟಿ ತೀರ್ಮಾನ ಮಾಡಬೇಕಾಯಿತು. ಹಸು ಮಾರಿ ಕಂಪನಿ ಸಾಲ ತೀರಿಸುವುದಾ, ಇಟ್ಟುಕೊಳ್ಳುವುದಾ? ಆಗ ಹಸುವನ್ನು ಕೇಳಿದವರು 28,000ಕ್ಕೆ ಕೇಳಿದರು. ಸಾಲ 34,000 ಉಳಿದಿತ್ತು. ಮಾರಿದರೆ ಹಸುವೂ ಇಲ್ಲ, ಸಾಲವೂ ಪೂರ್ತಿ ತೀರುವುದಿಲ್ಲ. ಈ ಸಲ ನಾನು ಹೂಂ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ವಿಷಯವನ್ನು ಸಂಘದ ಮುಂದೆ ಇಟ್ಟೆವು. ಸಂಘದ ಹೆಂಗಸರು ಒಂದು ಗಂಟೆ ಮಾತಾಡಿ 30,000 ಕೊಟ್ಟರು, ನೂರಕ್ಕೆ ಒಂದು ಬಡ್ಡಿ. ಮಿಕ್ಕ ನಾಲ್ಕು ಸಾವಿರ ಹನ್ನೆರಡು ಮರದ ಕಾಯಿ ಮಾರಿ ಬಂತು. ಆ ವರ್ಷ ತೆಂಗಿನಕಾಯಿಗೆ ಬೆಲೆ ಏರಿತ್ತು, ಅದು ಅದೃಷ್ಟ. ತಿಂಗಳಿಗೆ 2,430 ಕಟ್ಟುತ್ತಿದ್ದದ್ದು 1,300ಕ್ಕೆ ಇಳಿಯಿತು. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂದದ್ದು 2025ರ ಫೆಬ್ರುವರಿಯಲ್ಲಿ. ಅಷ್ಟರಲ್ಲಿ ಇವರ ಜಗಲಿ ಖಾಲಿ ಆಗಿತ್ತು.

ಗಾರ್ಮೆಂಟ್ಸಾ, ಪಿಯುಸಿನಾ?

ಮೇ 2ಕ್ಕೆ ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂತು. ಚೈತ್ರ ಪಾಸಾಗಿದ್ದಳು. ಹಾಸನದ ಗಾರ್ಮೆಂಟ್ಸ್‌ಗೆ ಕಳಿಸೋಣ, ಇವತ್ತಲ್ಲ ನಾಳೆ ಹದಿನೆಂಟು ಆಗುತ್ತದೆ, ಅಲ್ಲಿಯವರೆಗೆ ಕೊಬ್ಬರಿ ಕೆಲಸಕ್ಕೆ ಅಮ್ಮನ ಜೊತೆ ಹೋಗಲಿ ಅಂತ ಮಂಜಣ್ಣ ಅಂದ. ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆರು ತಿಂಗಳಿಂದ ಸರ್ಕಾರದ ಒಂದು ರೂಪಾಯಿ ಬಂದಿರಲಿಲ್ಲ.

ಒಂದು ಸಂಜೆ ನಾವು ನಾಲ್ಕೂ ಜನ ಪುಸ್ತಕ ಬಿಚ್ಚಿ ಕೂತೆವು. ಸರೋಜ ಒಂದು ಮಾತು ಹೇಳಿದಳು: ‘ಆ ಎರಡು ಸಾವಿರ ಬರಲ್ಲ ಅಂತಾನೇ ಲೆಕ್ಕ ಹಾಕಾನ.’ ಹಾಗೇ ಹಾಕಿದೆವು. ಹಾಲಿನ ದುಡ್ಡಿನಲ್ಲಿ ಹಿಂಡಿ, ಬೂಸ ಕಳೆದು ಉಳಿಯುವುದು ಎಷ್ಟು? ಮಂಜಣ್ಣನ ಕೂಲಿ ಎಷ್ಟು? ಉದ್ಯೋಗ ಖಾತ್ರಿಯಲ್ಲಿ ಏಪ್ರಿಲ್‌ನಿಂದ ದಿನಕ್ಕೆ 370 ಆಗಿತ್ತು. ಗಂಡ ಹೆಂಡತಿ ಇಬ್ಬರೂ ಹೋದರೆ ಆಗ ವರ್ಷಕ್ಕೆ ಮನೆಗೆ ನೂರು ದಿನ ಇತ್ತು. ಸಂಘದ ಸಾಲ 1,300 ಕಟ್ಟಿ, ಅಂಗಡಿಯಲ್ಲಿ ಬರೆಸದೆ, ಹುಡುಗಿ ಕಾಲೇಜಿಗೆ ಹೋಗಬಹುದಾ? ಬಸ್ ಚಾರ್ಜು ಇಲ್ಲ. ಕೈ ಬಿಗಿಹಿಡಿದರೆ ಹೋಗಬಹುದು ಅಂತ ಬಂತು. ಮಂಜಣ್ಣ ತುಂಬಾ ಹೊತ್ತು ಆ ಪುಟ ನೋಡಿದ. ‘ಒಂದು ವರ್ಷ ನೋಡಾನ’ ಅಂದ.

ಬರೀ ಗೃಹಲಕ್ಷ್ಮಿ ನಂಬಿ ಹಾಕಿದ ಲೆಕ್ಕದಲ್ಲಿ ಹಸು ಬಂತು, ಮಾತ್ರೆ ಹೋಯಿತು. ಅದು ಬರುವುದಿಲ್ಲ ಅಂತ ಹಾಕಿದ ಲೆಕ್ಕದಲ್ಲಿ ಹುಡುಗಿ ಕಾಲೇಜಿಗೆ ಸೇರಿದಳು. ಇದನ್ನು ದುಡ್ಡು ಬೇಡ ಅನ್ನುವುದಕ್ಕೆ ನಾನು ಹೇಳುತ್ತಿಲ್ಲ. ಆ 8,000 ಇಲ್ಲದಿದ್ದರೆ ಕೈಸಾಲದ ಅಸಲು ಇವತ್ತಿಗೂ ಅಲುಗುತ್ತಿರಲಿಲ್ಲ. ಮುಂಗಡ ಬೇಡ ಅನ್ನುವ ಬಾಯಿ ಸರೋಜಳಿಗೆ ಬರುತ್ತಿರಲಿಲ್ಲ. ಹಸು ಇರುವುದೂ ಆ ಧೈರ್ಯದಿಂದಲೇ. ನಾನು ಕಲಿತದ್ದು ಬೇರೆ. ಬಡವರ ಮನೆಯಲ್ಲಿ 2,000ದ ಬೆಲೆ ಅದು ಬರುವ ತಾರೀಖಿನಲ್ಲಿದೆ. ಐದನೇ ತಾರೀಖಿಗೆ ಬರುತ್ತದೆ ಅಂತ ಗೊತ್ತಿದ್ದರೆ ಅದು ಸಂಬಳದ ಥರ ಕೆಲಸ ಮಾಡುತ್ತದೆ. ಯಾವಾಗಲೋ ಬರುತ್ತದೆ ಅಂದರೆ, ಬರುವ ತನಕ ಯಾರಾದರೂ ತಮ್ಮ ಪಾಲು ಬಿಟ್ಟುಕೊಡಬೇಕಾಗುತ್ತದೆ.

ಈಗ ನಾನು ಬೇರೆ ಮನೆಗಳಲ್ಲೂ ಕೆಲವು ವಿಷಯ ಮೊದಲೇ ಕೇಳುತ್ತೇನೆ. ಖಾತೆಗೆ ಕೊಟ್ಟ ಫೋನ್ ನಂಬರ್ ಯಾರದು, ಕಾರ್ಡಿನಲ್ಲೂ ಆಧಾರ್‌ನಲ್ಲೂ ಸೊಸೆಯ ಹೆಸರು ಒಂದೇ ಥರ ಇದೆಯಾ, ಮನೆಯಲ್ಲಿ ದಿನಾ ಮಾತ್ರೆ ತಗೊಳ್ಳುವವರು ಯಾರು. ಮೂರನೆಯದನ್ನು ಕೇಳಿದಾಗ ‘ಅದ್ಯಾಕೆ ಮೇಡಂ ನಿಮಗೆ’ ಅನ್ನುತ್ತಾರೆ. ಆಗ ರಂಗಮ್ಮನ ವಿಷಯ ಹೇಳುತ್ತೇನೆ, ಹೆಸರು ಹೇಳದೆ.

ಸರೋಜಳ ಹೆಸರಿಗೆ ಮೊದಲ 2,000 ಜುಲೈನಲ್ಲಿ ಬಂತು. ಮೆಸೇಜು ಈ ಸಲ ಅವಳ ಫೋನಿಗೇ ಬಂತು. ಅವಳು ಈಗ ಬಂದ ತಿಂಗಳು ಆ ದುಡ್ಡು ಮುಟ್ಟುವುದಿಲ್ಲ. ಮುಂದಿನ ತಿಂಗಳಿಗೆ ಅಂತ ಇಡುತ್ತಾಳೆ. ಒಂದು ತಿಂಗಳು ತಪ್ಪಿದರೂ ಮನೆ ನಡೆಯಲಿ ಅಂತ. ಹೋದ ವಾರ ಹೋಗಿದ್ದಾಗ ಚೈತ್ರ ಕಾಲೇಜಿನಿಂದ ಬಂದು, ಬ್ಯಾಗ್ ಇಳಿಸಿ, ಹೊಸ ನೋಟ್‌ಬುಕ್ ತೆಗೆದಳು. ಅದೇ ಕೆಂಪು ಅಂಚು. ಮೊದಲ ಸಾಲಿನಲ್ಲಿ ಅಂಗಡಿಯೂ ಇಲ್ಲ, ಸಾಲವೂ ಇಲ್ಲ. ‘ಅಮ್ಮನ ಬಿಪಿ ನೋಡಿಸಿದ್ದು, ಸರ್ಕಾರಿ ಆಸ್ಪತ್ರೆ, 0 ರೂ’ ಅಂತ ಬರೆದಿದ್ದಳು.